ಅರ್ಧ ಉಳಿದ ಸ್ಟಿಕ್ಕರ್ ಹಾಳೆ

ಶಹಾಪುರದಿಂದ ಯಾದಗಿರಿಗೆ ಹೋಗುವ ದಾರಿಯಲ್ಲಿ ದೋರನಹಳ್ಳಿ ಸಿಗುತ್ತದೆ. ಇಂಥ ಊರಿನಲ್ಲೀಗ ಜೆರಾಕ್ಸ್ ಅಂಗಡಿಗೆ ಬರುವವರು ಪಹಣಿ, ಆಧಾರ್ ಪ್ರತಿಗಳಿಗಷ್ಟೇ ಬರುವುದಿಲ್ಲ. ಹಿಂಡಿ, ಖಡಕ್ ರೊಟ್ಟಿ, ಹಪ್ಪಳ ಮಾರುವ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಲೇಬಲ್ ಬೇಕು. ಗ್ರಂಥಾಲಯದವರಿಗೆ ಪುಸ್ತಕದ ಬೆನ್ನಿಗೆ ಅಂಟಿಸುವ ಚೀಟಿ ಬೇಕು. ಎಲ್ಲರ ಕೈಯಲ್ಲೂ ಕೊನೆಗೆ ಉಳಿಯುವುದು ಅರ್ಧ ಬಳಸಿದ ಒಂದು ಸ್ಟಿಕ್ಕರ್ ಹಾಳೆ. ಹಾಳೆಯ ಯಾವ ಮನೆಯಲ್ಲಿ ಅಚ್ಚಾಗಬೇಕು, ಯಾವುದನ್ನು ಬಿಡಬೇಕು ಎಂದು ಆರಿಸುವ ಅಧಿಕಾರವನ್ನು ತಂತ್ರಾಂಶ ಬಳಸುವವರಿಗೇ ಕೊಡಬೇಕೇ? ಸಂಘದ ಲೆಕ್ಕ ನೋಡುವ ಅಕ್ಕ ಒಂದು ಕಡೆ, ಪ್ರಿಂಟರ್ ರಿಪೇರಿಯವ ಇನ್ನೊಂದು ಕಡೆ.

ಪರ: ಖಾಲಿ ಮನೆ ನಮ್ಮ ಕಣ್ಣಿಗೆ ಕಾಣುತ್ತದೆ

ಐವತ್ತು ಪಾಕೀಟು ಶೇಂಗಾ ಹಿಂಡಿ ಕಟ್ಟಿದೆವು ಅನ್ನಿ. ನಾವು ತರುವುದು ಎ4 ಅಳತೆಯ ಹಾಳೆ. ಅಡ್ಡಕ್ಕೆ 3, ಉದ್ದಕ್ಕೆ 8, ಒಟ್ಟು 24 ಲೇಬಲ್. ಒಂದೊಂದು 64 ಮಿ.ಮೀ. ಅಗಲ, 34 ಮಿ.ಮೀ. ಎತ್ತರ. ಎರಡು ಹಾಳೆಗೆ 48 ಆಯಿತು. ಇನ್ನೆರಡಕ್ಕಾಗಿ ಮೂರನೇ ಹಾಳೆ ಒಳಗೆ ಹೋಗಿ, ಮೇಲಿನ ಎರಡು ಮಾತ್ರ ಅಚ್ಚಾಗಿ ಹೊರಬರುತ್ತದೆ. ಮರುದಿನ ಅಗಸಿ ಹಿಂಡಿಗೆ 14 ಲೇಬಲ್ ಬೇಕು. ಕೈಯಲ್ಲಿರುವ ಹಾಳೆಯಲ್ಲಿ 22 ಹಾಗೇ ಕೂತಿವೆ. ಅಂಗಡಿಯ ಹುಡುಗ ಅದನ್ನು ಮುಟ್ಟುವುದೂ ಇಲ್ಲ.

“ಹೊಸಾ ಹಾಳಿ ಕೊಡ್ರಿ ಅಕ್ಕಾರ.”

“ಇದರಾಗ ಇಪ್ಪತ್ತೆರಡು ಖಾಲಿ ಅದಾವಲ್ಲೋ ತಮ್ಮಾ?”

“ಅದಾವ್ರಿ. ಆದ್ರ ಕಂಪ್ಯೂಟರ್ ಕೇಳಂಗಿಲ್ರಿ.”

ಕಂಪ್ಯೂಟರ್ ಮೊದಲ ಮನೆಯಿಂದಲೇ ಶುರುಮಾಡುತ್ತದೆ. ಆ ಮನೆಯಲ್ಲಿ ಲೇಬಲ್ ಇಲ್ಲ, ಕಿತ್ತು ಪಾಕೀಟಿಗೆ ಅಂಟಿಸಿಯಾಗಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ನಮಗೆ ಗೊತ್ತಿದೆ. ಗೊತ್ತಿರುವವರು ಹೇಳುವುದಕ್ಕೊಂದು ಜಾಗ ಮಾಡಿಕೊಡಿ, ನನ್ನ ಬೇಡಿಕೆ ಇಷ್ಟೇ.

ಉಳಿದ 22ನ್ನೂ ಒಮ್ಮೆಗೇ ಅಚ್ಚುಹಾಕಿಸಿ ಇಟ್ಟುಕೊಳ್ಳಿ ಎಂದು ಕೆಲವರು ಬುದ್ಧಿ ಹೇಳುತ್ತಾರೆ. ಅವರು ಲೇಬಲ್ ಓದಿದವರಲ್ಲ. 2011ರ ಪೊಟ್ಟಣ ಸರಕುಗಳ ನಿಯಮದಂತೆ ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ಗ್ರಾಹಕರ ದೂರಿಗೊಂದು ಸಂಪರ್ಕ ಇವೆಲ್ಲ ಲೇಬಲ್ ಮೇಲೆ ಇರಬೇಕು. ತಿನ್ನುವ ಪದಾರ್ಥವಾದ್ದರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ, ಸಸ್ಯಾಹಾರದ ಹಸಿರು ಚುಕ್ಕಿ, ಬ್ಯಾಚ್ ಸಂಖ್ಯೆ, ತಯಾರಿಸಿದ ದಿನ, ಎಲ್ಲಿಯವರೆಗೆ ಬಳಸಬಹುದು ಎಂಬ ದಿನ. ವಿಳಾಸ ಬದಲಾಗುವುದಿಲ್ಲ, ದಿನ ಬದಲಾಗುತ್ತದೆ. ಈ ಸಲ ಅಚ್ಚುಹಾಕಿಸಿ ಇಟ್ಟ ಲೇಬಲ್ ಮುಂದಿನ ಸಲಕ್ಕೆ ಸುಳ್ಳು ಹೇಳುತ್ತದೆ. ದೊಡ್ಡ ಕಂಪನಿಗಳು ಸಾವಿರಗಟ್ಟಲೆ ಮಾಡುತ್ತವೆ, ಅವರಿಗೆ ಕೊನೆಯ ಹಾಳೆಯ ಚಿಂತೆಯಿಲ್ಲ. ಸ್ವಲ್ಪ ಸ್ವಲ್ಪ ಮಾಡಿ ತಾಜಾ ಮಾರುವವರಿಗೆ ಪ್ರತಿ ಸಲವೂ ಕೊನೆಯ ಹಾಳೆಯೇ. ಪಕ್ಕದ ಜಿಲ್ಲೆಯಲ್ಲಿ ಸಂಘಗಳ ಜೋಳದ ರೊಟ್ಟಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರು ಹೊತ್ತು ಪೇಟೆಗೆ ಹೋಗುತ್ತಿದೆ. ಹೆಸರು ಹಚ್ಚಿ ಮಾರುವ ಆಸೆ ನಮಗೂ ಇದೆ. ಆದರೆ ಒಂದು ಸ್ಟಿಕ್ಕರ್ ಹಾಳೆಗೆ ಬರೀ ಹಾಳೆಯ ಹಲವು ಪಟ್ಟು ಬೆಲೆ. ನಿನ್ನೆಯ ರೊಟ್ಟಿಗೆ ಒಗ್ಗರಣೆ ಹಾಕಿಕೊಂಡು ಉಣ್ಣುವ ಮನೆಯವರು ನಾವು. 22 ಲೇಬಲ್ ಕಸಕ್ಕೆ ಹಾಕು ಅಂದರೆ ಕೈ ಬರುವುದಿಲ್ಲ.

ಇದು ಆಗದ ಮಾತೂ ಅಲ್ಲ. ಮೈಕ್ರೊಸಾಫ್ಟ್ ವರ್ಡ್‌ನಲ್ಲಿ ಒಂದೇ ಒಂದು ಲೇಬಲ್ ಬೇಕಾದರೆ ಎಷ್ಟನೇ ಸಾಲು, ಎಷ್ಟನೇ ಕಂಬ ಎಂದು ಕೇಳುತ್ತದೆ. ಲಿಬ್ರೆಆಫೀಸ್ ಕೂಡ ಕೇಳುತ್ತದೆ. ಎಕ್ಸೆಲ್ ಪಟ್ಟಿಯಿಂದ ಹತ್ತಾರು ಲೇಬಲ್ ಒಮ್ಮೆಗೇ ತೆಗೆಯುವ ಮೇಲ್ ಮರ್ಜ್‌ಗೆ ಬಂದಾಗ ಮಾತ್ರ ವರ್ಡ್ ಬಾಯಿ ಮುಚ್ಚಿಕೊಳ್ಳುತ್ತದೆ. ಆಗ ತಿಳಿದವರು ಪಟ್ಟಿಯ ತಲೆಗೆ ಎರಡು ಖಾಲಿ ಸಾಲು ಸೇರಿಸಿ ಅದನ್ನು ಮೋಸಗೊಳಿಸುತ್ತಾರೆ. ಮೋಸಮಾಡಿ ಮಾಡಬಹುದಾದ ಕೆಲಸವನ್ನು ನೇರವಾಗಿ ಮಾಡಲು ಬಿಟ್ಟರೆ ಏನು ಹೋಗುತ್ತದೆ?

ಗ್ರಂಥಾಲಯದವರು ಈ ಪ್ರಶ್ನೆಯನ್ನು ಎಂದೋ ಬಿಡಿಸಿಕೊಂಡಿದ್ದಾರೆ. ನ್ಯೂಜಿಲೆಂಡಿನ ಹೊರೊವೆನುವಾ ಎಂಬ ಕಡೆಯ ಸಣ್ಣ ಗ್ರಂಥಾಲಯಗಳಿಗಾಗಿ ಬರೆದ ಕೋಹಾ ತಂತ್ರಾಂಶ 2000ದ ಜನವರಿಯಲ್ಲಿ ಬಳಕೆಗೆ ಬಂತು. ಕೋಹಾ ಎಂದರೆ ಅಲ್ಲಿಯ ಮಾವೊರಿ ಭಾಷೆಯಲ್ಲಿ ಕಾಣಿಕೆ. ಹೆಸರಿಗೆ ತಕ್ಕಂತೆ ಯಾರು ಬೇಕಾದರೂ ಪುಕ್ಕಟೆ ಬಳಸಬಹುದು. ಅದರಲ್ಲಿ ಬೆನ್ನಚೀಟಿ ತೆಗೆಯುವ ಮುಂಚೆ ಎಷ್ಟನೇ ಮನೆಯಿಂದ ಶುರುಮಾಡಲಿ ಎಂಬ ಪ್ರಶ್ನೆ ಬರುತ್ತದೆ. 894.814 ಎಂದರೆ ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯ. ಪಂಚಾಯಿತಿಯ ಅರಿವು ಕೇಂದ್ರಕ್ಕೆ ಈ ತಿಂಗಳು ಐದು ಕನ್ನಡ ಕಾದಂಬರಿ ಬಂದರೆ ಐದೇ ಚೀಟಿ ಬೇಕು. ಮುಂದಿನ ತಿಂಗಳು ಆರನೇ ಮನೆಯಿಂದ ಶುರು. ಪುಸ್ತಕಕ್ಕೆ ಸಿಕ್ಕ ಸೌಲಭ್ಯ ಹಿಂಡಿಗೆ ಯಾಕಿಲ್ಲ?

ನನ್ನನ್ನು ಕೇಳಿದರೆ ಕೋಹಾ ಕೊಟ್ಟದ್ದೂ ಸಾಲದು. ‘ಇಲ್ಲಿಂದ ಶುರು’ ಎಂದರೆ ಹಾಳೆ ಮೇಲಿನಿಂದ ಕ್ರಮವಾಗಿ ಖರ್ಚಾಗಿರಬೇಕು. ನಮ್ಮ ಹುಡುಗಿಯರು ಕೈಗೆ ಸಿಕ್ಕ ಕಡೆಯಿಂದ ಕೀಳುತ್ತಾರೆ. ಪರದೆಯ ಮೇಲೆ ಹಾಳೆಯ ಚಿತ್ರ ಬರಲಿ, ಖಾಲಿಯಾದ ಮನೆಯನ್ನು ಮುಟ್ಟಿದರೆ ಕಾಟು ಬೀಳಲಿ. ಕುಂಟೆಬಿಲ್ಲೆ ಆಡಿದ ಯಾರಿಗಾದರೂ ಅದು ಅರ್ಥವಾಗುತ್ತದೆ.

ವಿರೋಧ: ಹಾಳೆ ಎರಡನೇ ಸಲ ಒಳಗೆ ಹೋಗಬಾರದು

ಅಕ್ಕಾವ್ರ ಲೆಕ್ಕದಲ್ಲಿ ತಪ್ಪಿಲ್ಲ. ಅವರು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಪ್ರಿಂಟರನ್ನು.

ಸ್ಟಿಕ್ಕರ್ ಹಾಳೆ ಅಂದರೆ ಒಂದು ಹಾಳೆಯಲ್ಲ. ಮೇಲೆ ಕಾಗದ, ನಡುವೆ ಗೋಂದು, ಕೆಳಗೆ ಗೋಂದು ಹಿಡಿಯದ ನುಣುಪು ಹಾಳೆ. 1935ರಲ್ಲಿ ಅಮೆರಿಕದ ಸ್ಟ್ಯಾಂಟನ್ ಏವರಿ ಇಂಥ ತಾನೇ ಅಂಟುವ ಲೇಬಲ್‌ನ ವ್ಯಾಪಾರ ಶುರುಮಾಡಿದರು. ಒತ್ತಿದರೆ ಅಂಟಬೇಕು, ಎಳೆದರೆ ಸಲೀಸಾಗಿ ಬಿಡಬೇಕು. ಇದೇ ಅದರ ಗುಣ, ಪ್ರಿಂಟರಿನ ಪಾಲಿಗೆ ಇದೇ ಅದರ ಅವಗುಣ. ಲೇಸರ್ ಪ್ರಿಂಟರಿನಲ್ಲಿ ಪುಡಿಶಾಯಿ ಕಾಗದಕ್ಕೆ ಕರಗಿ ಕೂರಬೇಕಾದರೆ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಉರುಳೆಯ ನಡುವೆ ಹಾಳೆ ಹಾಯಬೇಕು. ಇಡೀ ಹಾಳೆ ಒಂದು ಸಲ ಹಾಯಲು ಗಟ್ಟಿಯಾಗಿರುತ್ತದೆ. ಎರಡು ಲೇಬಲ್ ಕಿತ್ತ ಮೇಲೆ ಪಕ್ಕದವುಗಳ ಅಂಚು ಬಯಲಾಗುತ್ತದೆ. ಆ ಅಂಚಿನಲ್ಲಿ ಗೋಂದಿರುತ್ತದೆ. ಒಳಗಿನ ದಾರಿಯಲ್ಲಿ ಹಾಳೆ ಬಾಗಿದಾಗ ಅಂಚು ಏಳುತ್ತದೆ, ಎದ್ದ ಲೇಬಲ್ ಉರುಳೆಗೆ ಸುತ್ತಿಕೊಳ್ಳುತ್ತದೆ. ಮೇ ತಿಂಗಳಿನಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ. ತಗಡಿನ ಅಂಗಡಿಯಲ್ಲಿ ವಾರಗಟ್ಟಲೆ ಬಿದ್ದಿದ್ದ ಅರ್ಧ ಹಾಳೆಯ ಗೋಂದು ಆಗಲೇ ಮೆತ್ತಗಾಗಿ ಹೊರಗೆ ಇಣುಕುತ್ತಿರುತ್ತದೆ. ಒಂದು ಬಾರಿ ಬಳಸಿದ ಹಾಳೆಯನ್ನು ಮತ್ತೆ ಹಾಕಬೇಡಿ ಎಂದು ತಯಾರಕರು ಹೇಳುವುದು ಹಾಳೆ ಹೆಚ್ಚು ಮಾರಲಿಕ್ಕಷ್ಟೇ ಅಲ್ಲ. ಅದಕ್ಕೂ ಇರಬಹುದು, ಇಲ್ಲ ಎನ್ನಲಾರೆ.

ಇಂಕ್ ಟ್ಯಾಂಕ್ ಪ್ರಿಂಟರಿನಲ್ಲಿ ಈ ಬಿಸಿಯಿಲ್ಲ, ಅಷ್ಟರಮಟ್ಟಿಗೆ ನನ್ನ ವಾದ ಸಡಿಲ. ಆದರೆ ಅದರ ಶಾಯಿಗೆ ಒದ್ದೆ ಕೈ ತಾಗಿದರೆ ದಿನಾಂಕ ಹರಡಿಹೋಗಬಹುದು. ಅಡುಗೆಮನೆಯಲ್ಲಿ ಪಾಕೀಟು ಕಟ್ಟುವವರ ಕೈ ಯಾವಾಗ ಒಣಗಿರುತ್ತದೆ?

ತಂತ್ರಾಂಶ ಆಯ್ಕೆ ಕೊಟ್ಟರೆ ಜನ ಅದನ್ನು ಅಪ್ಪಣೆ ಎಂದೇ ತಿಳಿಯುತ್ತಾರೆ. ಪರದೆಯೇ ಕೇಳಿತು ಅಂದಮೇಲೆ ಹಾಕಬಹುದು ಅಂತಲೇ ಅರ್ಥ. ಉಳಿದದ್ದು ಕೆಲವು ರೂಪಾಯಿಯ ಲೇಬಲ್, ಕೆಟ್ಟದ್ದು ಸಾವಿರಗಳ ಉರುಳೆ. ಉಳಿತಾಯ ಸಂಘದ್ದು, ಖರ್ಚು ಅಂಗಡಿಯ ಹುಡುಗನದು. ಈ ಮಾತನ್ನು ಪರವಾದಿಗಳು ಯಾರೂ ಎತ್ತುವುದಿಲ್ಲ.

ಇನ್ನು ‘ಯಾವ ಲೇಬಲ್’ ಎಂಬ ಪ್ರಶ್ನೆಯೇ ಎರಡು ಪ್ರಶ್ನೆ. ಹಾಳೆಯ ಯಾವ ಮನೆ ಎಂಬುದು ಒಂದು, ಪಟ್ಟಿಯ ಯಾವ ಹೆಸರು ಎಂಬುದು ಇನ್ನೊಂದು. ಪರದೆಯಲ್ಲಿ ಮೂರನೇ ಮನೆಗೆ ಗುರುತು ಹಾಕಿದೆ. ಪಟ್ಟಿಯ ಮೂರನೆಯದು ಅಲ್ಲಿ ಅಚ್ಚಾಗಬೇಕೋ, ಮೊದಲನೆಯದು ಅಲ್ಲಿಗೆ ಬಂದು ಕೂರಬೇಕೋ? ಮೊದಲ ಎರಡು ಹೆಸರು ಹಾರಿಹೋದವೋ, ಮುಂದಕ್ಕೆ ಸರಿದವೋ? ಹಿಂಡಿಯ ಐವತ್ತು ಲೇಬಲ್ ಒಂದೇ ಥರ ಇದ್ದರೆ ಹೇಗಾದರೂ ನಡೆದೀತು. ಒಂದೇ ಹಾಳೆಯಲ್ಲಿ ಶೇಂಗಾ, ಅಗಸಿ, ಗುರೆಳ್ಳು ಮೂರೂ ಇದ್ದು, ಎರಡು ಬೇರೆ ದಿನದ ತಯಾರಿಕೆ ಬೆರೆತರೆ? ಶೇಂಗಾ ಒಗ್ಗದವರು ಅಗಸಿ ಎಂದು ಓದಿ ಶೇಂಗಾ ಉಂಡರೆ ಅದು ಹಾಳೆಯ ನಷ್ಟವಲ್ಲ. ಆಸ್ಪತ್ರೆಯಲ್ಲಿ ರಕ್ತದ ನಳಿಕೆಗೆ ಅಂಟಿಸುವ ಚೀಟಿಯಲ್ಲಿ ಇದೇ ಎಡವಟ್ಟಾದರೆ ಏನಾದೀತು ಎಂದು ನಾನು ಬಿಡಿಸಿ ಹೇಳಬೇಕಿಲ್ಲ.

ಎರಡನೇ ಸಲ ಹಾಕಲೇಬೇಕು ಎಂದರೂ ಅಕ್ಕಾವ್ರ 22 ಲೇಬಲ್‌ಗೆ ತಂತ್ರಾಂಶವೇ ಬೇಕಿರಲಿಲ್ಲ. ಮೊದಲ ಎರಡು ಖರ್ಚಾಗಿವೆ ತಾನೆ? ಹಾಳೆಯನ್ನು ತಲೆಕೆಳಗೆ ಮಾಡಿ ತಟ್ಟೆಯಲ್ಲಿಡಿ. ಮೇಲೆ ಕೆಳಗೆ ಅಂಚು ಸಮನಾಗಿರುವ ಹಾಳೆಯಾದರೆ 24ನೇ ಮನೆ ಒಂದನೆಯದಾಗುತ್ತದೆ, ಖಾಲಿಯಾದ ಎರಡು ಬಾಲಕ್ಕೆ ಹೋಗುತ್ತವೆ. ಹದಿನಾಲ್ಕು ಲೇಬಲ್ ಮೊದಲಿನಿಂದಲೇ ಸರಿಯಾಗಿ ಬೀಳುತ್ತವೆ. ನುಣುಪು ಬಯಲಾದ ತುದಿ ಕೊನೆಗೆ ಒಳಗೆ ಹೋಗುವುದರಿಂದ ಹಾಳೆ ಸಿಕ್ಕಿಕೊಳ್ಳುವ ಭಯವೂ ಕಡಿಮೆ. ಒಂದು ಸಲಕ್ಕೆ ಮಾತ್ರ ಈ ಉಪಾಯ; ಅಷ್ಟು ತೆಗೆದ ಮೇಲೆ ನಡುವೆ ಎಂಟು ಉಳಿಯುತ್ತವೆ. ಆ ಎಂಟರ ಮೇಲೆ ಪೆನ್ನಿನಿಂದ ಬರೆದು ಮನೆಯ ಡಬ್ಬಿಗಳಿಗೆ ಅಂಟಿಸಿ.

ಹೀಗೆ ಹೇಳಿದರೆ ಯಾರು ಕೇಳುತ್ತಾರೆ. ಹೋದ ಬೇಸಿಗೆಯಲ್ಲಿ ಒಂದು ಪ್ರಿಂಟರ್ ಬಿಚ್ಚಿದಾಗ ಉರುಳೆಗೆ ಮೂರು ಲೇಬಲ್ ಸುತ್ತಿಕೊಂಡಿದ್ದವು, ತೂಕವೂ ಬೆಲೆಯೂ ಸ್ಪಷ್ಟವಾಗಿ ಓದಲು ಬರುತ್ತಿತ್ತು. ಅರ್ಧ ದಿನ ಕೂತು ಕೆರೆದು ತೆಗೆದೆ. ಹಾಳೆ ತಂದಿದ್ದ ಅಜ್ಜಿ ಅಷ್ಟು ಹೊತ್ತೂ ಬಾಗಿಲಲ್ಲೇ ಕೂತಿದ್ದಳು. ಕೆಲಸ ಮುಗಿದ ಮೇಲೆ ಸುಕ್ಕಾದ ಆ ಹಾಳೆಯನ್ನು ತೊಡೆಯ ಮೇಲಿಟ್ಟು ಸಾಪು ಮಾಡಿ ಕೇಳಿದಳು: “ಯಪ್ಪಾ, ಇನ್ನಾ ಒಂಬತ್ತು ಚಲೋ ಅದಾವ. ಇದನ್ನ ಹಾಕ್ತಿಯೇನು?”