ಕಲ್ಲು ಅಲ್ಲಿಯೇ ಇರಲಿ

ಕೆನಡಾ ದೇಶದ ಆಲ್ಬರ್ಟ ಪ್ರಾಂತದಲ್ಲಿ, ರೆಡ್ ಡಿಯರ್ ನದಿಯ ದಂಡೆಯ ಮೇಲೆ, 1955ರಲ್ಲಿ ಸ್ಥಾಪಿತವಾದ ಡೈನೋಸಾರ್ ಉದ್ಯಾನವೊಂದಿದೆ. ಉದ್ಯಾನವೆಂದೊಡನೆ ಹೂಗಿಡಗಳನ್ನು ನೆನೆಯಬಾರದು. ಮಳೆನೀರು ಮೆದುಶಿಲೆಯನ್ನು ಕೊರೆದು ಕೊರಕಲು ಮಾಡಿದ ಬೋಳುದಿಬ್ಬಗಳ ನೆಲ ಅದು. ದಿಬ್ಬಗಳು ಸವೆದಂತೆಲ್ಲ ಸುಮಾರು 7.5 ಕೋಟಿ ವರ್ಷಗಳ ಹಿಂದಿನ ಮೂಳೆಗಳು ಹೊರಗೆ ಇಣುಕುತ್ತವೆ. ಅಲ್ಲಿಗೆ ಹೋದವರು ಕಣ್ತುಂಬ ನೋಡಬಹುದು. ಒಂದು ಚೂರನ್ನೂ ಎತ್ತಿಕೊಂಡು ಬರುವಂತಿಲ್ಲ. ಈ ಕಟ್ಟಳೆಯನ್ನು ನಮ್ಮ ವಿದ್ಯಾರ್ಥಿಗಳು ತಾವಾಗಿಯೇ ಪಾಲಿಸಬೇಕೆಂಬುದು ನಮ್ಮ ಅಭಿಪ್ರಾಯ.

ಪಳೆಯುಳಿಕೆಗಳನ್ನು ಕಾಣಲು ಕೆನಡಾಕ್ಕೇ ಹೋಗಬೇಕೆಂದಿಲ್ಲ. ವಿಜಯಪುರ ಜಿಲ್ಲೆಯ ಮಸೂತಿಯಿಂದ ಹೊರಡುವ ವಿದ್ಯಾರ್ಥಿಗಳನ್ನು ಭಾವಿಸೋಣ. ಆ ಜಿಲ್ಲೆಯ ಬಹುಭಾಗದಲ್ಲಿ ಎರೆಮಣ್ಣಿನ ಕೆಳಗಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ಲಾವಾ. ಅದರೊಳಗೆ ಪಳೆಯುಳಿಕೆ ದೊರೆಯುವುದು ದುರ್ಲಭ. ಆದರೆ ಕೃಷ್ಣೆಯನ್ನು ದಾಟಿ ಬಾಗಲಕೋಟೆ ಜಿಲ್ಲೆಯ ಕಲಾದಗಿ, ಲೋಕಾಪುರಗಳ ಕಡೆಗೆ ಹೋದರೆ ನೂರು ಕೋಟಿ ವರ್ಷಗಳಿಗಿಂತಲೂ ಹಳೆಯ ಶಿಲೆಗಳು ಎದುರಾಗುತ್ತವೆ. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿಯೇ ಇವುಗಳನ್ನು ವರ್ಣಿಸಿದನು. ಇಲ್ಲಿಯ ಸುಣ್ಣಕಲ್ಲು, ಡಾಲೊಮೈಟುಗಳಲ್ಲಿ ಹೆಚ್ಚಿದ ಈರುಳ್ಳಿಯ ಪೊರೆಗಳಂಥ ಗೆರೆಗಳುಂಟು. ಇವೇ ಸ್ಟ್ರೊಮಾಟೊಲೈಟುಗಳು. ಆಳವಿಲ್ಲದ ಕಡಲಿನಲ್ಲಿ ಸೂಕ್ಷ್ಮಜೀವಿಗಳು ಅಂಟುಹಾಸಿನಂತೆ ಹರಡಿ, ಕೆಸರಿನ ಕಣಗಳನ್ನು ಹಿಡಿದು, ಬೆಳಕಿಗಾಗಿ ಮೇಲೇರಿ, ಪದರದ ಮೇಲೆ ಪದರವನ್ನು ಕಟ್ಟಿದವು.

ಈ ಪದರಗಳ ಉಬ್ಬು ಸಾಮಾನ್ಯವಾಗಿ ಮೇಲ್ಮುಖವಾಗಿರುತ್ತದೆ. ಕಲಾದಗಿಯ ಸ್ತರಗಳಾದರೋ ಭೂಮಿಯ ಒತ್ತಡದಿಂದ ಮಡಿಚಿಕೊಂಡಿವೆ. ಮಡಿಚಿದ ಸ್ತರದಲ್ಲಿ ಅಂದು ಮೇಲಿದ್ದ ಮಗ್ಗುಲು ಯಾವುದೆಂದು ಆ ಉಬ್ಬು ತಿಳಿಸುತ್ತದೆ. ಸುತ್ತಿಗೆಯಿಂದ ಒಡೆದು ಮನೆಗೊಯ್ದ ಚೂರಿನಲ್ಲಿ ಉಬ್ಬು ಉಳಿದೀತು. ಅದು ನೆಲದಲ್ಲಿ ಯಾವ ದಿಕ್ಕಿಗೆ ಮುಖಮಾಡಿತ್ತೆಂಬ ಸಾಕ್ಷ್ಯ ಅಳಿದುಹೋಗುತ್ತದೆ. ಸಂಶೋಧಕರೂ ಮಾದರಿಗಳನ್ನು ತೆಗೆಯುವುದುಂಟು. ಆದರೆ ಸ್ಥಳವನ್ನೂ ದಿಕ್ಕನ್ನೂ ಗುರುತು ಮಾಡಿಕೊಂಡು ತೆಗೆಯುತ್ತಾರೆ. ಅದೇ ಜಿಲ್ಲೆಯ ಐಹೊಳೆಯಲ್ಲಿ, ಮೇಗುತಿ ಗುಡಿಯ ಕ್ರಿ.ಶ. 634ರ ಶಾಸನದಿಂದ ಯಾರಾದರೂ ಒಂದಕ್ಷರವನ್ನು ಕೆತ್ತಿಕೊಂಡು ಹೋದರೆ ನಾವು ಸುಮ್ಮನಿರುವೆವೆ?

ಸುಣ್ಣಕಲ್ಲು ಸಿಮೆಂಟಿಗೆ ಬೇಕು. ಗಣಿಗೆ ಹೋಗುವ ಕಲ್ಲಿನಲ್ಲಿ ಒಂದು ಚೂರು ನಮಗಿರಲೆಂದರೆ ತಪ್ಪೇನು ಎಂದು ಕೆಲವರು ಕೇಳಬಹುದು. ಕಲ್ಲು ಬೇಕೆಂಬುದು ನಿಜ. ಆದರೆ ಬಳಕೆಗೂ ರಕ್ಷಣೆಗೂ ವಿರೋಧವಿರಬೇಕಾಗಿಲ್ಲ. ರಾಜಸ್ಥಾನದ ಉದಯಪುರದ ಬಳಿ ಝಾಮರ್‌ಕೋಟ್ರದಲ್ಲಿ ಸ್ಟ್ರೊಮಾಟೊಲೈಟುಳ್ಳ ಶಿಲೆಯಿಂದಲೇ ಗೊಬ್ಬರಕ್ಕೆ ಬೇಕಾದ ಫಾಸ್ಫೇಟನ್ನು ತೆಗೆಯುತ್ತಾರೆ. ಅಲ್ಲಿಯೇ ಸ್ಟ್ರೊಮಾಟೊಲೈಟ್ ಉದ್ಯಾನವೊಂದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿ ಉಳಿಸಿಕೊಂಡಿದ್ದಾರೆ. ಕಲಾದಗಿ ಸೀಮೆಯಲ್ಲಿಯೂ ಉತ್ತಮವಾದ ಕೆಲವು ಬಂಡೆಗಳನ್ನು ಹೀಗೆ ಗುರುತಿಸಿ ಕಾಯಬೇಕು.

ಅಲ್ಲಿಯವರೆಗೆ ಕಾವಲು ನಮ್ಮದೇ. ಪ್ರವಾಸಕ್ಕೆ ಹೊರಡುವಾಗ ದಿಕ್ಸೂಚಿ, ಅಳತೆಪಟ್ಟಿ, ಪೆನ್ಸಿಲು, ಟಿಪ್ಪಣಿ ಪುಸ್ತಕ ಜೊತೆಗಿರಲಿ. ಉಬ್ಬು ಯಾವ ಕಡೆಗಿದೆಯೆಂದು ನೋಡಿ ಚಿತ್ರ ಬರೆಯಿರಿ. ಸ್ತರದ ಓಟವನ್ನೂ ಓರೆಯನ್ನೂ ಅಳೆಯಿರಿ. ಮರಳುವಾಗ ಪುಸ್ತಕ ತುಂಬಿರಲಿ, ಚೀಲ ಬರಿದಾಗಿರಲಿ. ನಾಳೆ ಬರುವ ವಿದ್ಯಾರ್ಥಿಗೂ ಓದಲು ಆ ಕಲ್ಲು ಅಲ್ಲಿಯೇ ಇರಬೇಕು.