ತಪ್ಪು ಉತ್ತರ ಓದಬಲ್ಲವರು ಟ್ಯೂಷನ್ ಹೇಳಲಿ

ಡಿಗ್ರಿ ಮುಗಿಸಿ ನೋಟಿಫಿಕೇಷನ್‌ಗೆ ಕಾಯುತ್ತಿರುವ ನಮ್ಮಂಥವರಿಗೆ ಬೇಗ ಸಿಗುವ ಕೆಲಸವೆಂದರೆ ಮನೆ ಟ್ಯೂಷನ್. ಬಂಡವಾಳ ಬೇಡ, ಇಂಟರ್‌ವ್ಯೂ ಇಲ್ಲ, ಅನುಭವದ ಪ್ರಮಾಣಪತ್ರ ಯಾರೂ ಕೇಳುವುದಿಲ್ಲ. ಧಾರವಾಡದ ಸಪ್ತಾಪುರದ ಕಡೆ ರೂಮ್ ಮಾಡಿಕೊಂಡು ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಎಂದು ಓದುತ್ತಿರುವ ಹುಡುಗ ಹುಡುಗಿಯರಲ್ಲಿ ಸಂಜೆ ಹೊತ್ತು ಯಾರದೋ ಮನೆಯ ಹಾಲ್‌ನಲ್ಲಿ ಕುಳಿತು ಪಾಠ ಹೇಳುವವರು ಬಹಳ ಮಂದಿ ಇದ್ದಾರೆ. ನಾನೂ ಅವರಲ್ಲೊಬ್ಬ. ನಾಲ್ಕು ವರ್ಷದಿಂದ ಆರನೇ ತರಗತಿಯಿಂದ ಹತ್ತನೇ ತರಗತಿವರೆಗಿನ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳುತ್ತಿದ್ದೇನೆ. ರೂಮಿನ ಬಾಡಿಗೆ, ಮೆಸ್ಸಿನ ಬಿಲ್ಲು ಎರಡೂ ಅದರಲ್ಲೇ ನಡೆಯುತ್ತಿವೆ.

ಇದನ್ನು ‘ನೌಕರಿ ಸಿಗುವವರೆಗೆ’ ಮಾಡುವ ಕೆಲಸ ಎಂದೇ ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದೇವೆ. ನಮ್ಮ ಪಾಲಿಗೆ ಅದು ತಾತ್ಕಾಲಿಕ, ನಿಜ. ಎಂಟನೇ ತರಗತಿಯ ಹುಡುಗನಿಗೆ ಮಾತ್ರ ಆ ವರ್ಷ ಮತ್ತೆ ಬರುವುದಿಲ್ಲ. ಹಾಗಾಗಿ ಒಳ್ಳೆಯ ಟ್ಯೂಷನ್ ಮಾಸ್ತರು ಎಂದರೆ ಯಾರು ಎಂಬ ಪ್ರಶ್ನೆಯನ್ನು ಪಾಲಕರಿಗಿಂತ ಮೊದಲು ನಾವೇ ಕೇಳಿಕೊಳ್ಳಬೇಕು. ಏಕೆಂದರೆ ನಮ್ಮನ್ನು ಬೇರೆ ಯಾರೂ ಕೇಳುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಸೆಕ್ಷನ್ ಪ್ರಕಾರ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಹೇಳುವಂತಿಲ್ಲ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. ಪದವಿಗಿಂತ ಕಡಿಮೆ ಓದಿದವರನ್ನು ಪಾಠಕ್ಕೆ ಇಟ್ಟುಕೊಳ್ಳಬಾರದು, 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು ಎಂದೆಲ್ಲ ಅದರಲ್ಲಿದೆ. ಆದರೆ ಅದು 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳ ಮಾತು. ಸೈಕಲ್ ಏರಿ ಮನೆಮನೆಗೆ ಹೋಗುವ ನಮಗೆ ಯಾವ ಮಾರ್ಗಸೂಚಿಯೂ ಇಲ್ಲ.

ಪಾಲಕರ ಕೈಯಲ್ಲಿರುವ ಅಳತೆಗೋಲು ಒಂದೇ. ‘ಸರ, ನಿಮಗ ಎಸ್ಸೆಸ್ಸೆಲ್ಸಿಯೊಳಗ ಎಷ್ಟು ಬಿದ್ದಿದ್ವ್ರಿ?’ 625ಕ್ಕೆ ಇಷ್ಟು ಎಂದರೆ ಮುಗಿಯಿತು, ನಾಳೆಯಿಂದಲೇ ಬನ್ನಿ ಅನ್ನುತ್ತಾರೆ. ವಿಷಯ ಗೊತ್ತಿಲ್ಲದವರು ಪಾಠ ಹೇಳಬಾರದು ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕ ಸರಿಯಾಗಿ ಮಾಡುವುದು ಒಂದು ವಿದ್ಯೆ, ಇನ್ನೊಬ್ಬರು ಏಕೆ ತಪ್ಪು ಮಾಡಿದರು ಎಂದು ಕಂಡುಹಿಡಿಯುವುದು ಬೇರೆಯೇ ವಿದ್ಯೆ. ಟ್ಯೂಷನ್‌ಗೆ ಬೇಕಾದದ್ದು ಎರಡನೆಯದು.

ಒಂದು ಉದಾಹರಣೆ ನೋಡಿ. 52ರಲ್ಲಿ 27 ಕಳೆಯಲು ಹೇಳಿದರೆ ಕೆಲವು ಮಕ್ಕಳು 35 ಎಂದು ಬರೆಯುತ್ತಾರೆ. ‘ಲಕ್ಷ್ಯ ಇಲ್ಲ’ ಎಂದು ಬೈದು, ಸರಿ ಉತ್ತರ ಬರೆಸಿ ಮುಂದೆ ಹೋಗುವುದು ಸುಲಭ. ಆದರೆ ಆ ಹುಡುಗನ ಲಕ್ಷ್ಯಕ್ಕೆ ಏನೂ ಆಗಿಲ್ಲ. ಅವನು ತನ್ನದೇ ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ್ದಾನೆ. ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಸಣ್ಣದನ್ನು ಕಳೆಯಬೇಕು ಎನ್ನುವುದು ಅವನ ನಿಯಮ. 7ರಲ್ಲಿ 2 ಹೋದರೆ 5, 5ರಲ್ಲಿ 2 ಹೋದರೆ 3. ಹತ್ತರ ಸ್ಥಾನದಿಂದ ಸಾಲ ತರುವುದು ಏಕೆ ಎಂದು ಅವನಿಗೆ ಎಂದೂ ಅರ್ಥವಾಗಿರಲಿಲ್ಲ. ನೀವು ಅಂಥ 50 ಲೆಕ್ಕ ಮಾಡಿಸಿದರೆ ಅದೇ ತಪ್ಪನ್ನು ಅವನು 50 ಸಲ ಅಭ್ಯಾಸ ಮಾಡುತ್ತಾನೆ, ಅಷ್ಟೆ.

0.8 ದೊಡ್ಡದೋ 0.35 ದೊಡ್ಡದೋ ಎಂದು ಕೇಳಿ. ‘ಪಾಯಿಂಟ್ ಮೂವತ್ತೈದು’ ಎಂದು ಓದುವ ಮಗು ಅದನ್ನೇ ದೊಡ್ಡದು ಅನ್ನುತ್ತದೆ, ಮೂವತ್ತೈದು ಎಂಟಕ್ಕಿಂತ ದೊಡ್ಡದಲ್ಲವೇ! ಒಂದು ರೂಪಾಯಿಯಲ್ಲಿ 80 ಪೈಸೆ, 35 ಪೈಸೆ ಎಂದು ಬರೆದು ತೋರಿಸಿದರೆ ತಾನೇ ನಗುತ್ತದೆ. ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಐದನೇ ಎರಡು ಎಂದು ಬರೆಯುವುದಂತೂ ಪ್ರತಿ ಮನೆಯಲ್ಲೂ ಕಾಣುವ ತಪ್ಪು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಆಗ ನಾನು ಲ.ಸಾ.ಅ.ಗೆ ಹೋಗುವುದಿಲ್ಲ. ‘ಅರ್ಧ ರೊಟ್ಟಿ ತಿಂದಿ. ಆಮ್ಯಾಲೆ ಇನ್ನೂ ಸ್ವಲ್ಪ ತಿಂದಿ. ಈಗ ಒಟ್ಟು ಅರ್ಧಕ್ಕಿಂತ ಕಡಿಮಿ ತಿಂದಿ ಅಂತ ಬರದೀಯಲ್ಲ, ಹೆಂಗ?’ ಎಂದು ಕೇಳುತ್ತೇನೆ. ಐದನೇ ಎರಡು ಅರ್ಧಕ್ಕಿಂತ ಕಡಿಮೆ ಎಂದು ಮಗುವಿಗೆ ಹೊಳೆದರೆ ಉಳಿದ ಕೆಲಸ ಹತ್ತು ನಿಮಿಷದ್ದು. ಹೊಳೆಯದಿದ್ದರೆ ಭಿನ್ನರಾಶಿಯನ್ನೇ ಮೊದಲಿನಿಂದ ಹಿಡಿಯಬೇಕು ಎಂದರ್ಥ.

ಇನ್ನು ಮೈನಸ್ 3ರಲ್ಲಿ 5 ಕಳೆದರೆ 8 ಎನ್ನುವವರು. ‘ಮೈನಸ್ ಮೈನಸ್ ಪ್ಲಸ್ ಅಲ್ಲೇನ್ರಿ ಸರ?’ ಗುಣಾಕಾರದ ನಿಯಮವನ್ನು ಯಾರೋ ಹಾಡಿನಂತೆ ಬಾಯಿಪಾಠ ಮಾಡಿಸಿದ್ದಾರೆ, ಮಗು ಅದನ್ನು ಕಂಡಲ್ಲೆಲ್ಲ ಹಚ್ಚುತ್ತಿದೆ. ಕಿರಾಣಿ ಅಂಗಡಿಯಲ್ಲಿ 3 ರೂಪಾಯಿ ಉದ್ರಿ ಇತ್ತು, ಮತ್ತೆ 5 ರೂಪಾಯಿ ಉದ್ರಿ ಮಾಡಿದರೆ ಅಂಗಡಿಯವನು ನಿನಗೇ 8 ರೂಪಾಯಿ ಕೊಡುತ್ತಾನೇನು ಎಂದು ಕೇಳಿದರೆ ಸಾಕು.

ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಶಾಲೆಯಲ್ಲಿ 50 ಮಕ್ಕಳನ್ನು ಎದುರಿಗಿಟ್ಟುಕೊಂಡ ಶಿಕ್ಷಕರಿಗೆ ಒಂದೊಂದು ನೋಟ್‌ಬುಕ್ಕನ್ನೂ ಹೀಗೆ ಓದುವ ಪುರಸೊತ್ತು ಎಲ್ಲಿರುತ್ತದೆ? (ಅವರ ಬಗ್ಗೆ ಮಕ್ಕಳ ಮುಂದೆ ಹಗುರವಾಗಿ ಮಾತಾಡುವ ಟ್ಯೂಷನ್ ಮಾಸ್ತರರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.) ನಮಗಿರುವುದು ಒಂದೇ ಮಗು, ಒಂದು ಗಂಟೆ. ಮನೆ ಟ್ಯೂಷನ್‌ನ ಬೆಲೆಯೇ ಅದು. ಶಾಲೆಯಲ್ಲಿ ಆದ ಪಾಠವನ್ನೇ ಮತ್ತೊಮ್ಮೆ ಜೋರಾಗಿ ಹೇಳುವುದಾದರೆ ಯೂಟ್ಯೂಬ್ ಸಾಕು, ಅಲ್ಲಿ ನಮಗಿಂತ ಚೆನ್ನಾಗಿ, ಅದೂ ಪುಕ್ಕಟೆಯಾಗಿ ಹೇಳುವವರಿದ್ದಾರೆ.

ತಪ್ಪಿನ ಬೇರು ಹುಡುಕುತ್ತ ಹೋದರೆ ಅದು ಈ ವರ್ಷದ ಪುಸ್ತಕದಲ್ಲಿ ಸಿಗುವುದೇ ಅಪರೂಪ. ಎಂಟನೇ ತರಗತಿಯ ಬೀಜಗಣಿತ ಬಾರದ ಹುಡುಗನಿಗೆ ನಾಲ್ಕನೇ ತರಗತಿಯ ಭಾಗಾಕಾರ ಬಂದಿರುವುದಿಲ್ಲ. ವಿಜ್ಞಾನದಲ್ಲಿ ಹಿಂದಿದ್ದಾಳೆ ಎನ್ನುವ ಹುಡುಗಿಗೆ ಪ್ರಶ್ನೆಯ ವಾಕ್ಯವನ್ನೇ ಓದಿ ಅರ್ಥ ಮಾಡಿಕೊಳ್ಳಲು ಆಗುತ್ತಿರುವುದಿಲ್ಲ. 2005ರಿಂದ ‘ಪ್ರಥಮ್’ ಸಂಸ್ಥೆಯ ‘ಅಸರ್’ ಸಮೀಕ್ಷೆ ಗ್ರಾಮೀಣ ಮಕ್ಕಳ ಮನೆಗೇ ಹೋಗಿ ಎರಡನೇ ತರಗತಿ ಮಟ್ಟದ ಪಠ್ಯ ಓದಿಸಿ, ಸಾಲ ತರುವ ಕಳೆಯುವ ಲೆಕ್ಕ, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ ಮಾಡಿಸಿ ನೋಡುತ್ತ ಬಂದಿದೆ. ಮೇಲಿನ ತರಗತಿಗೆ ಬಂದವರಲ್ಲೂ ಅನೇಕರು ಇಲ್ಲೇ ನಿಂತಿದ್ದಾರೆ ಎಂಬುದು ಅದರ ವರದಿಗಳು ಮತ್ತೆ ಮತ್ತೆ ಹೇಳಿದ ಸಂಗತಿ. ಆ ಪರೀಕ್ಷೆ ಮಾಡಲು ಬೇಕಾಗುವುದು ಒಂದೆರಡು ಹಾಳೆ, ಕಾಲು ಗಂಟೆ. ಹೊಸ ಮನೆಗೆ ಹೋದ ಮೊದಲ ದಿನ ನಾನು ಪುಸ್ತಕ ತೆಗೆಸುವುದಿಲ್ಲ, ಇಂಥದ್ದನ್ನೇ ಮಾಡಿಸುತ್ತೇನೆ. ಖಾಸಗಿ ಶಾಲೆಯ ಮಕ್ಕಳಿಗೂ ಅಷ್ಟೆ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಕನ್ನಡದ ಒಂದು ಪ್ಯಾರಾವನ್ನೂ ಓದಿಸುತ್ತೇನೆ. ಒತ್ತಕ್ಷರ ಬಂದಲ್ಲೆಲ್ಲ ಅವರು ನಿಲ್ಲುತ್ತಾರೆ.

ಕಷ್ಟ ಶುರುವಾಗುವುದು ಆಮೇಲೆ, ಕಂಡದ್ದನ್ನು ಪಾಲಕರಿಗೆ ಹೇಳುವಾಗ. ಹೋದ ವರ್ಷ ಒಂದು ಮನೆಯಲ್ಲಿ ಹುಡುಗನ ತಾಯಿಗೆ ಹೇಳಿದೆ, ಎರಡು ತಿಂಗಳು ಭಾಗಾಕಾರ ಮತ್ತು ಭಿನ್ನರಾಶಿ ಮಾಡಿಸುತ್ತೇನೆ, ಅಲ್ಲಿಯವರೆಗೆ ಯೂನಿಟ್ ಟೆಸ್ಟಿನ ಅಂಕ ಏರುವುದಿಲ್ಲ ಎಂದು. ಮೂರನೇ ವಾರಕ್ಕೇ ಬಂದರು. ‘ಸರ, ಎಂಟನೇ ಕ್ಲಾಸಿನ ಹುಡುಗಗ ನಾಲ್ಕನೇ ಕ್ಲಾಸಿಂದು ಹೇಳಾಕತ್ತೀರಿ, ಪೋರ್ಷನ್ ಯಾವಾಗ ಮುಗಸ್ತೀರಿ?’ ತಿಂಗಳು ತುಂಬಿದ ದಿನ ಫೀ ಕೈಗಿಟ್ಟು ಸಾಕು ಅಂದರು. ಹುಡುಗ ಆಗಷ್ಟೇ ಮೂರಂಕಿ ಭಾಗಾಕಾರವನ್ನು ತಾನೇ ತಾಳೆ ನೋಡಲು ಕಲಿತಿದ್ದ. ಅವರಿಗೆ ಸಿಕ್ಕ ಹೊಸ ಮಾಸ್ತರು ಅವನ ಹೋಂವರ್ಕ್ ದಿನವೂ ಪೂರ್ತಿ ಮಾಡಿಸುತ್ತಾರಂತೆ.

ಈ ಕೆಲಸದ ತೊಡಕೇ ಇದು. ಮಗು ತಾನೇ ಕಲಿತರೆ ನಮ್ಮ ಫೀ ನಿಲ್ಲುತ್ತದೆ, ಕಲಿಯದೆ ನಮ್ಮ ಮೇಲೇ ಆತುಕೊಂಡರೆ ಮುಂದಿನ ವರ್ಷವೂ ಕರೆಯುತ್ತಾರೆ. ಹೋಂವರ್ಕ್ ಹೇಳಿ ಬರೆಸಿದರೆ ಶಾಲೆಯಲ್ಲಿ ‘ಗುಡ್’ ಬೀಳುತ್ತದೆ, ತಾಯಿಗೆ ಸಂತೋಷ, ಮಗುವಿಗೆ ಆರಾಮ, ನಮಗೆ ಹೆಸರು. ಹತ್ತನೇ ತರಗತಿಯ ಲಿಖಿತ ಪರೀಕ್ಷೆಯ 80 ಅಂಕದ ಕಾಗದ ಎದುರಿಗೆ ಬಂದಾಗ ಮಾತ್ರ ಆ ಮಗು ಒಂಟಿ. ಪ್ರಾಜೆಕ್ಟನ್ನು ತಾನೇ ಮಾಡಿಕೊಟ್ಟು ಆಂತರಿಕ 20 ಅಂಕದಲ್ಲಿ ಒಂದಿಷ್ಟು ‘ತೆಗೆಸಿಕೊಟ್ಟೆ’ ಎಂದು ಹೆಮ್ಮೆಯಿಂದ ಹೇಳುವ ಗೆಳೆಯರಿದ್ದಾರೆ. ಹಾಗೆ ಕೊಟ್ಟದ್ದು ಸಹಾಯ ಎಂದು ನಾನು ಒಪ್ಪುವುದಿಲ್ಲ.

ಉತ್ತರ ಹೇಳದೆ ಕುಳಿತಿರುವುದೂ ಒಂದು ಕೆಲಸ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಎ ಪ್ಲಸ್ ಬಿ ವರ್ಗ ಎಂದರೆ ಎ ವರ್ಗ ಪ್ಲಸ್ ಬಿ ವರ್ಗ ಎಂದು ಬರೆದಿದ್ದಳು. ಎ ಬದಲು 3, ಬಿ ಬದಲು 4 ಹಾಕಿ ನೋಡು ಎಂದಷ್ಟೇ ಹೇಳಿ ಸುಮ್ಮನಾದೆ. ಒಂದು ಕಡೆ 49 ಬಂತು, ಇನ್ನೊಂದು ಕಡೆ 25. ಪೆನ್ನು ಕಚ್ಚುತ್ತ ಕುಳಿತಳು. ಅಡುಗೆಮನೆಯಿಂದ ಅವಳ ತಾಯಿ ಎರಡು ಸಲ ಇಣುಕಿದರು, ಮಾಸ್ತರು ಏಕೆ ಮಾತಾಡುತ್ತಿಲ್ಲ ಎಂದು. ಆ 24 ಎಲ್ಲಿ ಹೋಯಿತು ಎಂದು ಹುಡುಗಿ ಕೊನೆಗೆ ತಾನೇ ಚೌಕ ಬರೆದು, ಎರಡು ಸಲ ಮೂರು ನಾಲ್ಕಲಿ ಹನ್ನೆರಡು ಎಂದು ಕಂಡುಕೊಂಡಳು. ಸೂತ್ರ ಹೇಳಿಕೊಟ್ಟಿದ್ದರೆ ಅರ್ಧ ನಿಮಿಷ ಹಿಡಿಯುತ್ತಿತ್ತು.

ಹೊಡೆಯುವ ವಿಷಯವನ್ನೂ ಹೇಳಬೇಕು. ‘ಕೇಳಲಿಲ್ಲಂದ್ರ ಎರಡು ಹಾಕ್ರಿ ಸರ, ನಾವೇನೂ ಅನ್ನೂದಿಲ್ಲ’ ಎಂದು ಅನುಮತಿ ಕೊಡುವ ಪಾಲಕರು ಈಗಲೂ ಇದ್ದಾರೆ. ಶಾಲೆಯಲ್ಲಿ ಕಾಯ್ದೆಯೇ ನಿಷೇಧಿಸಿದ್ದನ್ನು ಹಾಲ್‌ನಲ್ಲಿ ಮಾಡಲು ನಾವ್ಯಾರು? ಏಟಿಗೆ ಹೆದರಿದ ಮಗು ಮೊದಲು ಕಲಿಯುವುದು ತಪ್ಪನ್ನು ಮುಚ್ಚಿಡುವುದನ್ನು, ರಬ್ಬರ್‌ನಿಂದ ಉಜ್ಜುವುದನ್ನು. ಮುಚ್ಚಿಟ್ಟ ತಪ್ಪನ್ನು ನಾವು ಓದುವುದು ಹೇಗೆ? ನನ್ನ ಹತ್ತಿರ ಬರುವ ಮಕ್ಕಳಿಗೆ ರಬ್ಬರ್ ಬಳಸಬೇಡಿ, ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಿರಿ ಅನ್ನುತ್ತೇನೆ. ಮತ್ತೆ, ಪಾಠ ಯಾವಾಗಲೂ ಹಾಲ್‌ನಲ್ಲಿ, ಬಾಗಿಲು ತೆರೆದಿರಬೇಕು. ಇದು ಮಗುವಿಗೂ ಒಳ್ಳೆಯದು, ನಮಗೂ ಒಳ್ಳೆಯದು.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇಂಗ್ಲಿಷ್ ಮೀಡಿಯಂ ಮಕ್ಕಳ ಟ್ಯೂಷನ್ ಒಪ್ಪಿಕೊಳ್ಳಲು ಹಿಂಜರಿಯುತ್ತಾರೆ. ಹಿಂಜರಿಯಬೇಕಿಲ್ಲ. ಮ.ಸಾ.ಅ.ವನ್ನು ಎಚ್‌ಸಿಎಫ್ ಎಂದು, ಛೇದವನ್ನು ಡಿನಾಮಿನೇಟರ್ ಎಂದು ಕಷ್ಟಪಟ್ಟು ಕಲಿತವರಿಗೆ, ಮಗು ಯಾವ ಪದದ ಮುಂದೆ ಮುಗ್ಗರಿಸುತ್ತದೆ ಎಂಬುದು ಬೇಗ ತಿಳಿಯುತ್ತದೆ. ಪದ ಇಂಗ್ಲಿಷಿನಲ್ಲೇ ಇರಲಿ, ವಿವರಣೆ ಮನೆಮಾತಿನಲ್ಲಿರಲಿ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರಿಗೆ ಒಂದು ಮಾತು ಖಡಕ್ಕಾಗಿಯೇ ಹೇಳುತ್ತೇನೆ. ಜೂನ್‌ನಲ್ಲಿ ಹತ್ತನೇ ತರಗತಿಯ ಮಗುವನ್ನು ಒಪ್ಪಿಕೊಂಡು, ಜನವರಿಯಲ್ಲಿ ನಮ್ಮ ಪರೀಕ್ಷೆಯ ದಿನಾಂಕ ಬಂತೆಂದು ಫೋನ್ ಎತ್ತದೆ ಮಾಯವಾಗುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಆ ಮಗುವಿಗೆ ಮಾರ್ಚ್ ಎದುರಿಗೇ ಇರುತ್ತದೆ, ಅಷ್ಟರಲ್ಲಿ ಹೊಸ ಮಾಸ್ತರು ಎಲ್ಲಿ ಸಿಗಬೇಕು? ಕೊನೆಯವರೆಗೆ ಇರಲಾರೆ ಎನಿಸಿದರೆ ಹತ್ತನೆಯದನ್ನು ಹಿಡಿಯಲೇಬೇಡಿ. ಆರೋ ಏಳೋ ಹಿಡಿಯಿರಿ, ಅಲ್ಲಿ ನಡುವೆ ಒಂದು ತಿಂಗಳು ಬಿಟ್ಟರೂ ಹಾನಿ ಕಡಿಮೆ. ನಮ್ಮ ಪರೀಕ್ಷೆಗಳು ಎಷ್ಟು ಸಲ ಮುಂದೆ ಹೋಗುತ್ತವೆ ಎಂಬುದು ನಮಗೇ ಗೊತ್ತಿರುವುದರಿಂದ, ಮೊದಲ ದಿನವೇ ಪಾಲಕರಿಗೆ ಹೇಳಿಬಿಡುವುದು ಒಳ್ಳೆಯದು: ಇಂಥ ಪರೀಕ್ಷೆ ಬರೆಯುವವನಿದ್ದೇನೆ, ಹೋಗಬೇಕಾದರೆ ಒಂದು ತಿಂಗಳು ಮೊದಲೇ ತಿಳಿಸುತ್ತೇನೆ, ಈ ಮಗುವಿಗೆ ಎಲ್ಲಿಯವರೆಗೆ ಬಂದಿದೆ ಎಂದು ಒಂದು ಹಾಳೆ ಬರೆದುಕೊಟ್ಟು ಹೋಗುತ್ತೇನೆ ಅಂತ.

ಬಿಟ್ಟುಹೋಗುವುದಕ್ಕೂ ಒಂದು ರೀತಿ ಇದೆ. ಮಗು ತನ್ನ ತಪ್ಪನ್ನು ತಾನೇ ಗುರುತಿಸತೊಡಗಿದಾಗ ನಾನು ವಾರದ ಐದು ದಿನವನ್ನು ಮೂರಕ್ಕೆ ಇಳಿಸುತ್ತೇನೆ, ಆಮೇಲೆ ಎರಡಕ್ಕೆ. ಬರುವ ದಿನ ಹೊಸದೇನೂ ಹೇಳುವುದಿಲ್ಲ, ಬಾರದ ದಿನಗಳಲ್ಲಿ ಮಾಡಿದ್ದನ್ನು ತೋರಿಸು ಅನ್ನುತ್ತೇನೆ. ದಿನ ಕಡಿಮೆ ಆದಂತೆ ಫೀಯೂ ಕಡಿಮೆ ಆಗುತ್ತದೆ, ಮೊದಲ ಸಲ ಇದನ್ನು ನಾನೇ ಹೇಳಿದಾಗ ಆ ಹುಡುಗಿಯ ತಂದೆಗೆ ನಂಬಿಕೆಯೇ ಬರಲಿಲ್ಲ. ಮುಂದಿನ ತಿಂಗಳು ತಮ್ಮ ಓಣಿಯ ಇನ್ನೊಂದು ಮನೆಯ ವಿಳಾಸವನ್ನು ಅವರೇ ಕೊಟ್ಟರು. ಆ ಮನೆಯ ಹುಡುಗ ಏಳನೇ ತರಗತಿ. 0.35 ದೊಡ್ಡದು ಅನ್ನುತ್ತಾನೆ.