ನಿಮ್ಮ ಬೀಗವನ್ನು ಒಮ್ಮೆ ನೀವೇ ಮಾಡಿ

“ಯಾರೋ ಮಾಡಿಟ್ಟಿದ್ದು ಐತಲ್ಲ, ನೀನ್ಯಾಕಪ್ಪಾ ಪಾಸ್‌ವರ್ಡ್ ಮ್ಯಾನೇಜರ್ ಬರ್ಕಂತ ಕುಂತೀಯ?” ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗರಿಗೆ ಹೀಗೆ ಬುದ್ಧಿ ಹೇಳುವವರಿಗೆ ಬರವಿಲ್ಲ. ಕೇಳುವುದಕ್ಕೆ ವಿವೇಕದ ಮಾತೇ. ಆದರೆ ಅದೇ ಹುಡುಗ ಕೊನೆಯ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತಂದು ಬೈಂಡ್ ಮಾಡಿಸಿದರೆ ಇವರು ತುಟಿ ಬಿಚ್ಚುವುದಿಲ್ಲ. ನನ್ನ ತಕರಾರು ಇರುವುದು ಇಲ್ಲೇ.

ನಮ್ಮೂರುಗಳಲ್ಲಿ ಪಾಸ್‌ವರ್ಡ್ ಎಂದರೆ ಬೇರೆ ಯಾರೋ ಇಟ್ಟುಕೊಡುವ ವಸ್ತು. ವಿದ್ಯಾರ್ಥಿವೇತನವಿರಲಿ, ಸೇವಾಸಿಂಧು ಅರ್ಜಿಯಿರಲಿ, ಸೈಬರ್ ಸೆಂಟರಿನವರು ಖಾತೆ ತೆರೆದು, ಹೆಸರಿನ ಮುಂದೆ 123 ಸೇರಿಸಿ, ಪ್ರಿಂಟಿನ ಮೂಲೆಯಲ್ಲಿ ಪೆನ್ನಿನಿಂದ ಬರೆದು ಕೊಡುತ್ತಾರೆ. ಸರತಿಯಲ್ಲಿ ಇಪ್ಪತ್ತು ಜನ ನಿಂತಿರುವಾಗ ಅವರನ್ನು ಬೈದು ಫಲವಿಲ್ಲ. ನಾಳೆ ಇಂಥ ಜಾಲತಾಣಗಳನ್ನು ಕಟ್ಟುವವರು ಇಂದಿನ ವಿದ್ಯಾರ್ಥಿಗಳು. ಅವರಿಗೆ ಗುಟ್ಟು ಕಾಯುವುದು ಗೊತ್ತಿರಬೇಕಲ್ಲವೇ? 2009ರಲ್ಲಿ ಅಮೆರಿಕದ ರಾಕ್‌ಯೂ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್‌ಗಳು ಕಳುವಾದವು. ಅವನ್ನು ಎನ್‌ಕ್ರಿಪ್ಟ್ ಮಾಡದೆ, ಇದ್ದದ್ದನ್ನು ಇದ್ದಂತೆ ಡೇಟಾಬೇಸಿನಲ್ಲಿ ಇಟ್ಟಿದ್ದವರೂ ಓದಿದವರೇ.

ಸಣ್ಣದೊಂದು ಪಾಸ್‌ವರ್ಡ್ ಮ್ಯಾನೇಜರ್ ಬರೆಯಲು ಪೈಥಾನ್ ಮತ್ತು ಒಂದು ಎಸ್‌ಕ್ಯೂಲೈಟ್ ಫೈಲು ಸಾಕು. ಆದರೆ ಕೂತ ದಿನವೇ ಪ್ರಶ್ನೆಗಳು ಏಳುತ್ತವೆ. ಮಾಸ್ಟರ್ ಪಾಸ್‌ವರ್ಡನ್ನು ಎಲ್ಲಿಡಬೇಕು? ಎಲ್ಲೂ ಇಡುವಂತಿಲ್ಲ. ಅದಕ್ಕೆ ‘ಸಾಲ್ಟ್’ ಎಂಬ ಯಾದೃಚ್ಛಿಕ ಬೈಟ್‌ಗಳನ್ನು ಬೆರೆಸಿ, ಪಿಬಿಕೆಡಿಎಫ್2 ಎಂಬ ವಿಧಾನದಲ್ಲಿ ಮತ್ತೆ ಮತ್ತೆ ಅರೆದು, ಪ್ರತಿ ಸಲವೂ ಕೀಲಿಯನ್ನು ಹೊಸದಾಗಿ ಪಡೆಯಬೇಕು. ಎಸ್‌ಎಚ್‌ಎ-256 ಜೊತೆ ಬಳಸುವಾಗ 6,00,000 ಸುತ್ತು ಇರಲಿ ಎಂದು ಓವಾಸ್ಪ್ ಸಂಸ್ಥೆ 2023ರಲ್ಲಿ ಸಲಹೆ ಕೊಟ್ಟಿತು. ಅಷ್ಟೇಕೆ? ನಮಗೆ ಒಂದು ಕ್ಷಣದ ಕಾಯುವಿಕೆ. ಕಳ್ಳನಿಗೆ ಪ್ರತಿಯೊಂದು ಊಹೆಗೂ ಅದೇ ದಂಡ.

ಮುಂದಿನದು: ಯಾವ ಕಾಲಂಗಳನ್ನು ಮುಚ್ಚಬೇಕು? ಪಾಸ್‌ವರ್ಡ್ ಮಾತ್ರವೇ, ಜಾಲತಾಣದ ಹೆಸರನ್ನೂ ಸೇರಿಸಿಯೇ? 2022ರಲ್ಲಿ ಲಾಸ್ಟ್‌ಪಾಸ್ ಗ್ರಾಹಕರ ತಿಜೋರಿಗಳ ಪ್ರತಿ ಕಳ್ಳರ ಪಾಲಾಯಿತು. ಒಳಗೆ ಪಾಸ್‌ವರ್ಡ್‌ಗಳು ಎನ್‌ಕ್ರಿಪ್ಟ್ ಆಗಿದ್ದವು, ಜಾಲತಾಣಗಳ ವಿಳಾಸಗಳು ಆಗಿರಲಿಲ್ಲ. ಯಾರ ಖಾತೆ ಯಾವ ಬ್ಯಾಂಕಿನಲ್ಲಿದೆ ಎಂದು ತಿಳಿಯಲು ಬೀಗ ಒಡೆಯುವ ಕಷ್ಟವೂ ಬೇಡ. ತನ್ನ ಕೈಯಾರೆ ಟೇಬಲ್ ಬರೆದವನಿಗೆ ಈ ತಪ್ಪಿನ ಆಳ ಒಂದೇ ಓದಿಗೆ ತಿಳಿಯುತ್ತದೆ.

“ಸ್ವಂತ ಬೀಗ ಬೇಗ ಮುರಿಯುತ್ತದೆ” ಎನ್ನುವ ಆಕ್ಷೇಪಣೆ ನಿಜ. ಅದಕ್ಕೇ ಗೂಢಲಿಪಿಯನ್ನು ಹೊಸದಾಗಿ ಹುಟ್ಟಿಸಬೇಡಿ. 2001ರಿಂದ ಅಮೆರಿಕದ ಮಾನಕವಾಗಿರುವ ಎಇಎಸ್ ಇದೆ. ಅದರ ರಚನೆ ಲೋಕಕ್ಕೆಲ್ಲ ಗೊತ್ತು. ರಚನೆ ಶತ್ರುವಿಗೆ ತಿಳಿದರೂ ಕೇಡಾಗಬಾರದು ಎಂದು ಕೆರ್ಕಾಫ್ಸ್ 1883ರಲ್ಲೇ ಬರೆದಿದ್ದ. ಪರೀಕ್ಷೆಗೆ ನಿಂತ ಲೈಬ್ರರಿ ತಂದು ಜೋಡಿಸಿ. ನಿಮ್ಮ ಬ್ಯಾಂಕಿನ ಪಾಸ್‌ವರ್ಡಿಗೆ ಕೀಪಾಸನ್ನೋ ಬಿಟ್‌ವಾರ್ಡನನ್ನೋ ಬಳಸಿ. ನೀವು ಮಾಡಿದ್ದರಲ್ಲಿ ಸುಳ್ಳು ಪಾಸ್‌ವರ್ಡ್‌ಗಳನ್ನು ತುಂಬಿ ಪರೀಕ್ಷಿಸಿ.

“ಬಳಸದ ಮೇಲೆ ಮಾಡುವುದೇಕೆ?” ಉತ್ತರ ಪಕ್ಕದ ಹರಿಹರದಲ್ಲಿದೆ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳನ್ನು ಮಾಡಿದ ಊರು ಅದು. ಐಟಿಐನಲ್ಲಿ ಫಿಟ್ಟರ್ ಕಲಿಯುವ ಹುಡುಗ ಯಂತ್ರ ಮುಟ್ಟುವ ಮೊದಲು ಕಬ್ಬಿಣದ ತುಂಡನ್ನು ದಿನಗಟ್ಟಲೆ ಅರದಿಂದ ಉಜ್ಜಿ ಚೌಕ ಮಾಡುತ್ತಾನೆ. ಆ ಚೌಕವನ್ನು ಯಾರೂ ಕೊಳ್ಳುವುದಿಲ್ಲ. ಅಳತೆ ಕೈಗೆ ಹತ್ತಲಿ ಎಂದು ಮಾಡಿಸುತ್ತಾರೆ, ಅಷ್ಟೆ. ಫಿಟ್ಟರನಿಗೆ ಬೇಕಾದ ಈ ಶಿಸ್ತು ಇಂಜಿನಿಯರಿಗೆ ಬೇಡವೆಂದು ಯಾರು ತೀರ್ಮಾನಿಸಿದರು?

ಮೇಷ್ಟ್ರುಗಳಲ್ಲಿ ನನ್ನದೊಂದು ಬೇಡಿಕೆ. ವೈವಾದಲ್ಲಿ ಬಣ್ಣದ ಸ್ಲೈಡುಗಳನ್ನು ಬದಿಗಿಟ್ಟು, “ಮಾಸ್ಟರ್ ಪಾಸ್‌ವರ್ಡ್ ಮರೆತರೆ ಏನು ಮಾಡ್ತೀಯಪ್ಪಾ?” ಎಂದು ಕೇಳಿ. ಮಾಡಿದವನು “ಏನೂ ಮಾಡೋಕಾಗಲ್ಲ ಸಾರ್, ನನಗೂ ತೆರೆಯೋಕಾಗಲ್ಲ” ಎನ್ನುತ್ತಾನೆ. ಕೊಂಡು ತಂದವನು ಬಟನ್ ಹುಡುಕುತ್ತಾನೆ. ಅಂಕ ಕೊಡುವ ಮುನ್ನ ನೆನಪಿರಲಿ: ನಾಳೆ ನಮ್ಮೆಲ್ಲರ ಗುಟ್ಟು ಇವರಿಬ್ಬರಲ್ಲಿ ಒಬ್ಬನ ಕೈಗೆ ಹೋಗುತ್ತದೆ.